ಮೊದಲ ಸೊಪ್ಪಿನ ಕೈ

ಕನಕಪುರ
3 ಜೂನ್ 2024

ತಂಗಿ ಲತಾಮಣಿಗೆ,

ನಿನ್ನ ಅಣ್ಣ ಕೆಂಪರಾಜು ಬರೆಯುವುದು. ಇಲ್ಲಿ ನಾನೂ ನಿನ್ನ ಅತ್ತಿಗೆಯೂ ಹೇಗೋ ಇದ್ದೇವೆ. ನನ್ನ ಕಿವಿ ಈಗ ಪೂರಾ ಹೋಯಿತು. ಕಲ್ಲು ಕ್ವಾರಿಯಲ್ಲಿ ಅಷ್ಟು ವರ್ಷ ಸಿಡಿಮದ್ದಿನ ಪಕ್ಕ ನಿಂತವನಿಗೆ ಇನ್ನೇನು ಉಳಿದೀತು. ಅಲ್ಲಿಂದ ಮಧು ವಿಡಿಯೋ ಕಾಲ್ ಮಾಡಿದರೆ ಮಗ ಬಾಯಿ ಆಡಿಸುವುದು ಕಾಣುತ್ತದೆ, ನೀರೊಳಗಿನ ಮೀನು ನೋಡಿದ ಹಾಗೆ. ಅದಕ್ಕೇ ಕಾಗದ.

ವಿಷಯ ಏನೆಂದರೆ, ಅವ್ವನ ವರ್ಷದ ತಿಥಿ ಜುಲೈ ಹದಿನಾಲ್ಕು, ಭಾನುವಾರ. ಬಂದವರಿಗೆ ಕೊಡಲು ಒಂದು ಕಾರ್ಡು ಅಚ್ಚು ಹಾಕಿಸೋಣ ಅಂತ ಮಧು ಹೇಳುತ್ತಿದ್ದಾನೆ. ಮೇಲೆ ಅವ್ವನ ಫೋಟೋ, ಕೆಳಗೆ ಕಾವೇರಮ್ಮ ಅಂದರೆ ಯಾರು, ಹೇಗೆ ಬಾಳಿದಳು ಅಂತ ನಾಲ್ಕು ಮಾತು. ತೊಂಬತ್ತು ದಾಟಿದ ಜೀವ, ಸುಮ್ಮನೆ ಹೋಗಬಾರದು. ನಾನು ಮದುವೆಯಾಗಿ ಮಾವನ ಮನೆ ಸೇರಿಕೊಂಡವನು. ಕಡೆಯವರೆಗೂ ಅವಳ ಜೊತೆ ಇದ್ದವಳು ನೀನು. ಬರೆದು ಕಳಿಸು, ನಾನು ತಿದ್ದುತ್ತೇನೆ.

ಇನ್ನೊಂದು. ಸೂತಕದ ವರ್ಷ ಅಂತ ಹುಳದ ಮನೆ ಮುಚ್ಚಿ ಸೊಪ್ಪು ಮಾರಿದ್ದಾಯಿತು. ಶ್ರಾವಣದ ಶುಕ್ರವಾರ ಮಧು ಮತ್ತೆ ರೇಷ್ಮೆ ಹುಳ ಇಳಿಸುತ್ತಾನೆ. ಅವ್ವ ಇಲ್ಲದ ಮೊದಲ ಬೆಳೆ. ಸೊಸೆ ಕವನ ಮೊದಲ ಸೊಪ್ಪು ಹಾಕಲಿ. ಆವತ್ತು ನೀನು ಎಂದಿನ ಹಾಗೆ ದೊಡ್ಡಮಳೂರಿಗೆ ಹೋಗಿ ಅಪ್ರಮೇಯಸ್ವಾಮಿಗೆ ಪೂಜೆ ಮಾಡಿಸಿಕೊಂಡು ಬಂದುಬಿಡು.

ಇತಿ
ಕೆಂಪರಾಜು


ವಿರೂಪಾಕ್ಷಿಪುರ
14 ಜೂನ್ 2024

ಅಣ್ಣನಿಗೆ ಲತಾಮಣಿಯ ನಮಸ್ಕಾರ.

ಕಾಗದ ಬಂತು. ಪೋಸ್ಟಿನವನು ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದ. ಕಾಗದ ಅಂದರೆ ಏನೋ ಕೆಟ್ಟದ್ದೇ ಇರಬೇಕು ಅಂತ ಒಂದು ಲೋಟ ನೀರು ಕುಡಿದು ಆಮೇಲೆ ಒಡೆದೆ. ಕಿವಿಯನ್ನು ಡಾಕ್ಟರಿಗೆ ತೋರಿಸಿದೆಯಾ? ಕಿವಿ ಹೋದವರಿಗೆ ತಲೆ ಸುತ್ತುತ್ತದೆ ಅಂತಾರೆ. ರಸ್ತೆ ದಾಟುವಾಗ ಅತ್ತಿಗೆಯ ಕೈ ಹಿಡಿದುಕೋ. ಬೈಕಿನವರು ಹಾರನ್ ಹೊಡೆದರೆ ನಿನಗೆ ಗೊತ್ತಾಗುವುದಿಲ್ಲ.

ನಾನು ಏಳನೇ ಕ್ಲಾಸಿಗೆ ಬಿಟ್ಟವಳು. ಅದೂ ನೆಟ್ಟಗೆ ಓದಿದ್ದಲ್ಲ, ಹುಳ ದಪ್ಪವಾಗಿ ಜೋರಾಗಿ ಮೇಯುವ ದಿನಗಳಲ್ಲೆಲ್ಲ ಸೊಪ್ಪು ಕೊಯ್ಯಲು ಸ್ಕೂಲು ಬಿಡಿಸುತ್ತಿದ್ದರು. ಒತ್ತು ದೀರ್ಘ ತಪ್ಪಿದ್ದರೆ ತಿದ್ದಿಕೋ. ಅವ್ವನ ವಿಷಯ ನನ್ನಂಥವಳು ಬರೆದು ಕೆಡಿಸಿಬಿಟ್ಟರೆ ಅಂತ ಹೆದರಿಕೆಯಾಗಿ ಹರಿದು ಹರಿದು ಮತ್ತೆ ಬರೆದಿದ್ದೇನೆ.

ಅವ್ವ ಹುಟ್ಟಿದ್ದು ಮರಳವಾಡಿ. ಈ ಮನೆಗೆ ಬಂದಾಗ ಇನ್ನೂ ಲಂಗ ಉಡುವ ಹುಡುಗಿ. ಅವಳ ಅತ್ತೆ ಮೊದಲ ದಿನವೇ ಹುಳದ ಮನೆಗೆ ಕರೆದುಕೊಂಡು ಹೋಗಿ, ಮೊಟ್ಟೆಯೊಡೆದು ಬಂದ ಇರುವೆಯಷ್ಟು ಹುಳಗಳ ಮೇಲೆ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ಉದುರಿಸಲು ಹೇಳಿದಳಂತೆ. ಆ ಸಲ ಗೂಡು ಎಷ್ಟು ಬಂತೆಂದರೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಸಾಲದೆ ನೆಂಟರ ಮನೆಯಿಂದ ಹೊತ್ತು ತಂದರು. ಅಲ್ಲಿಂದ ಅವ್ವನ ಕೈಗುಣ ಊರೂರಿಗೆ ಗೊತ್ತಾಯಿತು. ಸುತ್ತಮುತ್ತ ಯಾರ ಮನೆಯಲ್ಲಿ ಹುಳ ಇಳಿಸಿದರೂ ಮೊದಲ ಸೊಪ್ಪಿಗೆ ಕಾವೇರಮ್ಮನೇ ಬರಬೇಕು. ಮಳೆಯಿದ್ದರೆ ಗೋಣಿ ತಲೆಗೆ ಹಾಕಿಕೊಂಡು ಹೋಗುವಳು. ಕಾಫಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. "ಮೊದ್ಲು ಹುಳ ಉಣ್ಲಿ ಕಣ್ರವ್ವ, ನಂದೇನು" ಅನ್ನುವಳು. ಒಮ್ಮೆ ಹಿತ್ತಲ ಮನೆಯವಳು ಹುಳ ಮೇಯುತ್ತಿಲ್ಲ ಅಂತ ಗೋಳಾಡಿದಾಗ ಅವ್ವ ಅಂದದ್ದು ನೆನಪಿದೆಯಾ? "ನಿನ್ ಹುಳಕ್ಕೆ ಏನೂ ಆಗಿಲ್ಲ ಕಣೆ. ನಿನ್ ಬಾಯಿ ಕೇಳಿ ಮೂರ್ಛೆ ಬಿದ್ದವೆ. ಒಸಿ ಸುಮ್ನಿರು, ಎದ್ದು ತಿಂತವೆ." ಆ ಹೆಂಗಸೇ ಬಿದ್ದು ಬಿದ್ದು ನಕ್ಕಳು.

ನಮಗಿಂತ ಮುಂಚೆ ಹುಟ್ಟಿದ ಗಂಡುಮಕ್ಕಳು ಉಳಿಯಲಿಲ್ಲವಲ್ಲ, ಆ ಮಾತು ಅವ್ವ ಒಮ್ಮೆ ಮಾತ್ರ ಎತ್ತಿದ್ದಳು. "ಊರೋರ ಹುಳ ಬದುಕಿಸ್ದೆ, ನನ್ ಕೂಸ್ಗಳ ಬದುಕಿಸ್ಕೊಳಕಾಗ್ನಿಲ್ಲ" ಅಂತ. ನೀನು ಉಳಿದ ಮೇಲೆ ಬಹಳ ದಿನ ನಿನ್ನನ್ನು ನೆಲಕ್ಕೇ ಬಿಡಲಿಲ್ಲವಂತೆ.

ಆ ವರ್ಷದ ಮಾತನ್ನೂ ಬರೆಯಬೇಕು. ಬರೆಯದಿದ್ದರೆ ಅವ್ವನ ದೊಡ್ಡತನ ಯಾರಿಗೂ ತಿಳಿಯುವುದಿಲ್ಲ. ನನಗೆ ಹದಿನೇಳು. "ಈ ಸಲ ನೀನಾಕು ಮಗ, ನನ್ ಕೈ ನಿಂಗೂ ಬರ್ಲಿ" ಅಂತ ಅವ್ವನೇ ಮೊದಲ ಸೊಪ್ಪಿಗೆ ನನ್ನನ್ನು ಕೂರಿಸಿದಳು. ಹುಳ ಚೆನ್ನಾಗಿ ಬಂದವು. ಇನ್ನೇನು ಗೂಡು ಕಟ್ಟಬೇಕು, ರಾತ್ರಿ ಸೊಪ್ಪು ಹಾಕಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ತಟ್ಟೆ ತಟ್ಟೆಯೇ ಸತ್ತುಬಿದ್ದಿತ್ತು. ಅಪ್ಪ ಬಾರುಕೋಲು ತೆಗೆದು, ಇದು ಯಾರ ಕೆಲಸ ಅಂತ ಕೂಗಿದರು. ಅವ್ವ ಅಡ್ಡ ನಿಂತಳು. "ಹಾಲುತೊಂಡೆ ರೋಗ ಕಣ್ರೀ. ನನ್ ಕೈಗುಣ ಅವ್ಳ ಕೈಗೆ ಬಂದಿಲ್ದಿದ್ರೆ ಮಗಾ ಏನ್ ಮಾಡಾಳು, ಬುಡಿ" ಅಂದಳು. ಅಪ್ಪ ಕೋಲು ಬಿಸಾಡಿದರು. ಮಾಗಡಿಯಿಂದ ವೀಳ್ಯ ಕೊಟ್ಟು ಹೋಗಿದ್ದವರು ನನ್ನ ಕೈ ವಿಷಯ ತಿಳಿದು ಬೇಡ ಅಂತ ಹೇಳಿಕಳಿಸಿದರು. ಆಮೇಲೆ ಬಂದವರೂ ಹಾಗೇ ಹೋದರು. ಅವ್ವ ಒಂದು ದಿನವೂ ನನ್ನನ್ನು ಬಯ್ಯಲಿಲ್ಲ.

ಅಂದಿನಿಂದ ಹಾಲಿಗೆ ಹೆಪ್ಪು ಹಾಕುವುದು ಅವ್ವ. ರಾಗಿ ಬಿತ್ತಲು ಮೊದಲ ಹಿಡಿ ಅವ್ವ. ನಾನು ಕೈ ಚಾಚುವ ಮೊದಲೇ "ಬುಡು ಮಗ, ನಾನಾಕ್ತೀನಿ" ಅನ್ನುವಳು. ಹುಳ ಇಳಿಸುವ ದಿನ ನನ್ನ ಮನಸ್ಸಿಗೆ ನೋವಾಗಬಾರದು ಅಂತ ದೇವಸ್ಥಾನಕ್ಕೆ ಕಳಿಸುವಳು. ಹುಟ್ಟಿದ ಮಕ್ಕಳನ್ನು ನಾನು ಎತ್ತಿಕೊಳ್ಳಲು ಹೆದರುತ್ತಿದ್ದೆ. ಮಧು ಹುಟ್ಟಿದಾಗಲೂ ದೂರದಿಂದ ನೋಡಿದ್ದೆ, ನಿನಗೆ ಗೊತ್ತು. ಕಡೆಗಾಲದಲ್ಲಿ ಅವಳು ನನ್ನ ಕೈಯಿಂದಲೇ ಉಂಡಳು. ನನಗೆ ಅದಕ್ಕೂ ಭಯ. ಈ ಕೈಯ ತುತ್ತು ಅವಳಿಗೇನು ಮಾಡೀತೋ ಅಂತ ಉಣಿಸುವ ಮುಂಚೆ ಒಂದಲ್ಲ ಎರಡು ಸಲ ಸೋಪು ಹಾಕಿ ತೊಳೆಯುತ್ತಿದ್ದೆ. ಅವಳು ಹೆದರಲೇ ಇಲ್ಲ. ಎಂಥ ತಾಯಿ, ಯೋಚನೆ ಮಾಡು.

ದೊಡ್ಡಮಳೂರಿಗೆ ಹೋಗುತ್ತೇನೆ, ನೀನು ಆ ಯೋಚನೆ ಬಿಡು. ಕಿವಿಗೆ ಎಣ್ಣೆ ಗಿಣ್ಣೆ ಬಿಡಬೇಡ.

ಲತಾಮಣಿ


ಕನಕಪುರ
24 ಜೂನ್ 2024

ತಂಗಿ ಲತಾಮಣಿಗೆ,

ಬರೆದದ್ದು ಚೆನ್ನಾಗಿದೆ, ಆದರೆ ಕಾರ್ಡು ಅಂಗೈಯಷ್ಟು, ನೀನು ಪುರಾಣ ಬರೆದಿದ್ದೀಯ. ಮರಳವಾಡಿ, ಕೈಗುಣ, ಊರವರು ಕರೆಯುತ್ತಿದ್ದದ್ದು, ಇಷ್ಟು ಇಟ್ಟುಕೊಂಡಿದ್ದೇನೆ. ಆ ವರ್ಷದ ಮಾತು ತೆಗೆದಿದ್ದೇನೆ. ಅದು ಯಾಕೆ ಈಗ? ನೊಂದುಕೊಳ್ಳುವುದಕ್ಕೆ ನಿನಗೆ ಬೇರೆ ಕಾರಣ ಬೇಕಾ, ಹಾಲು ಉಕ್ಕಿದರೆ ಒಂದು ವಾರ ಮಲಗದವಳು.

ಕರೆಯುವವರನ್ನು ಹತ್ತಿರದವರಿಗೇ ಮುಗಿಸಿ. ರಾಮನಗರದ ನಜೀರನಿಗೆಲ್ಲ ಹೇಳಿಕಳಿಸುವುದು ಬೇಡ. ಗೂಡು ಕೊಳ್ಳುತ್ತಿದ್ದ ಕಾಲ ಮುಗಿಯಿತು. ವಯಸ್ಸಾದ ಮನುಷ್ಯ, ಅಷ್ಟು ದೂರ ಯಾಕೆ ತೊಂದರೆ ಕೊಡುವುದು.

ಕೆಂಪರಾಜು


ವಿರೂಪಾಕ್ಷಿಪುರ
1 ಜುಲೈ 2024

ಅಣ್ಣನಿಗೆ,

ತಪ್ಪಾಗಿಹೋಯಿತು. ನಿನ್ನ ಕಾಗದ ಬರುವ ಮೊದಲೇ ಮಧು ರಾಮನಗರದ ಗೂಡು ಮಾರ್ಕೆಟ್ಟಿನಲ್ಲಿ ನಜೀರಣ್ಣನನ್ನು ಕಂಡು ಹೇಳಿಬಿಟ್ಟಿದ್ದಾನೆ. "ಕಾವೇರಕ್ಕನ ತಿಥಿಗೆ ಕರೀಲಿಲ್ದಿದ್ರೂ ಬತ್ತಿದ್ದೆ" ಅಂದರಂತೆ. ಅವರು ಬಂದರೆ ನಿನಗೇನಾದರೂ ತೊಂದರೆಯಾ? ಯಾವುದಾದರೂ ಹಳೆಯ ವ್ಯಾಜ್ಯ ಇದ್ದರೆ ಹೇಳು, ನಾನು ಊಟಕ್ಕೆ ಬೇರೆ ಹೊತ್ತಿಗೆ ಕೂರಿಸುತ್ತೇನೆ. ಎರಡು ದಿನದಿಂದ ಅದೇ ಯೋಚನೆ.

ಆ ವರ್ಷದ ಮಾತು ಕಾರ್ಡಿನಿಂದ ತೆಗೆದೆ ಅಂತ ಬರೆದಿದ್ದೀಯ. ಓದಿ ಕಣ್ಣು ತುಂಬಿತು. ನಾನೇ ಬರೆದರೂ ಊರವರು ಓದುವುದು ನೆನೆದು ಪೋಸ್ಟಿಗೆ ಹಾಕಲು ಹಿಂದೆಮುಂದೆ ನೋಡಿದ್ದೆ. ನನ್ನ ಮಾನ ಉಳಿಸಿದೆ. ಅವ್ವನ ಹಾಗೆಯೇ ನೀನು.

ಲತಾಮಣಿ


ವಿರೂಪಾಕ್ಷಿಪುರ
16 ಜುಲೈ 2024

ಅಣ್ಣನಿಗೆ,

ಸರಿಯಾಗಿ ಊರು ತಲುಪಿದೆಯಾ? ಮೂರು ಗಂಟೆ ಬಸ್ಸಿಗೇ ಹೊರಟುಬಿಟ್ಟೆ, ಎಲೆ ಎತ್ತುವವರೆಗೂ ನಿಲ್ಲಲಿಲ್ಲ. ನೀನು ಹೋಗಿ ಸ್ವಲ್ಪ ಹೊತ್ತಿಗೆ ನಜೀರಣ್ಣ ಬಂದರು. ಅವ್ವನ ಫೋಟೋ ಮುಂದೆ ಚಪ್ಪಲಿ ಬಿಟ್ಟು ನಿಂತು, ಆಮೇಲೆ ಜಗಲಿಯ ಮೇಲೆ ಕೂತರು. ನಾನು ಪಾಯಸ ತಂದುಕೊಟ್ಟೆ. ಕಾರ್ಡು ಓದಿಸಿ ಕೇಳಿದರು. ಕೇಳಿ ತಲೆ ಆಡಿಸಿ ಅಂದರು:

"ಇದ್ರಲ್ಲಿ ಎಲ್ಲಾ ಐತೆ, ದೊಡ್ಡ ಮಾತೇ ಇಲ್ಲ ಕಣವ್ವ ಲತಮ್ಮ."

"ಯಾವ್ದು ನಜೀರಣ್ಣ?"

"ಕೆಂಪರಾಜನ್ನ ಉಳ್ಸಿದ್ದು. ಅವಾಗ ನಾನು ಜಟಕಾ ಓಡಿಸ್ತಿದ್ದೆ. ಮನೇಲಿ ಸೊಪ್ಪು ಸಾಲ್ದು ಅಂತ ನಿಮ್ಮಪ್ಪ ಇವನ್ನ ಚನ್ನಪಟ್ಣದ ಕಡೆ ಕಳ್ಸಿದ್ರು. ಇವ್ನು ಸಿನಿಮಾ ನೋಡ್ಕಂಡು ಹೊತ್ತು ಮುಳುಗಿಸ್ಬುಟ್ಟ. ಆಮೇಲೆ ಸಿಕ್ಕಿದ ತೋಟಕ್ಕೆ ನುಗ್ಗಿ ಕುಯ್ದು ನನ್ ಗಾಡಿಗೆ ತುಂಬ್ದ. ಗಾಡಿ ಹೊರಡೋವಾಗ ತೋಟದೋನು ಓಡ್ಬಂದು ಬಡ್ಕಂಡ, 'ಲೇ, ನೆನ್ನೆ ಔಷಧಿ ಹೊಡ್ದಿವ್ನಿ ಕಣ್ಲಾ, ಹುಳಕ್ಕೆ ಹಾಕ್ಬ್ಯಾಡ' ಅಂತ. ಇವ್ನು 'ತೊಳ್ದು ಹಾಕ್ತೀವಿ ಬುಡಣ್ಣ' ಅಂದ್ಬುಟ್ಟ. ಬೆಳಿಗ್ಗೆ ನಂಗೆ ತಡೀದೆ ಬಂದ್ ನೋಡ್ತೀನಿ, ನಿಮ್ಮವ್ವ ಸತ್ತ ಹುಳ ಅಂಗೈ ಮ್ಯಾಲೆ ಇಟ್ಕಂಡು ಕೂತವ್ಳೆ. ಹಸ್ರು ಕಕ್ಕಿ ಸುರುಟ್ಕಂಡಿದ್ವು. ನಾನು ಬಾಯಿ ಬುಡೋದ್ರೊಳ್ಗೆ ಅವ್ಳೇ ಅಂದ್ಲು, 'ಗೊತ್ತಾಯ್ತು ಕಣೋ ನಜೀರ. ಔಷಧಿ ಸೊಪ್ಪು. ಈ ಮಾತು ನೀನು ಇಲ್ಲೇ ಹುಗ್ದುಬುಡು, ಇವ್ರಪ್ಪ ಅವ್ನ ಜೀವಂತ ಬುಡಾಕಿಲ್ಲ.' ಹುಗ್ದುಬುಟ್ಟೆ. ಇವತ್ತು ಅವ್ಳೇ ಇಲ್ಲ, ಇನ್ಯಾಕೆ. ತಾಯಿ ಅಂದ್ರೆ ಅವ್ಳು."

ಹಿಂದಿನಿಂದ ಕವನ "ಅತ್ತೆ, ಪಾಯ್ಸ ಚೆಲ್ತಾ ಐತೆ" ಅಂದಳು. ನನ್ನ ಕೈಯಲ್ಲಿದ್ದ ಪಾತ್ರೆ ವಾಲಿತ್ತು, ಗೊತ್ತೇ ಆಗಿರಲಿಲ್ಲ. ನಜೀರಣ್ಣ ನಾನು ಅವ್ವನನ್ನು ನೆನೆದು ಅಳುತ್ತಿದ್ದೇನೆ ಅಂದುಕೊಂಡು "ಅಳಬ್ಯಾಡ ತಂಗಿ, ದೊಡ್ಡ ಜೀವ ಅದು, ತುಂಬಿ ಹೋಯ್ತು" ಅಂತ ಸಮಾಧಾನ ಮಾಡಿದರು. ಆ ಹುಳಗಳ ಸಾವಿನ ಹೊರೆ ಯಾರ ತಲೆಗೆ ಬಂತು ಅಂತ ಅವರಿಗೆ ತಿಳಿದಿಲ್ಲ. ನಾನೂ ಹೇಳಲಿಲ್ಲ.

ಹಾಲುತೊಂಡೆ ಬಂದರೆ ಹುಳ ಉಬ್ಬಿ ಹಾಲಿನಂಥ ನೀರು ಬಿಡುತ್ತದೆ. ಹಸಿರು ಕಕ್ಕುವುದು ವಿಷಕ್ಕೆ. ಇದು ಮೊನ್ನೆ ಬಂದ ಕವನಳಿಗೂ ಗೊತ್ತು. ಊರೂರಿನ ಹುಳ ನೋಡಿದ ಅವ್ವನಿಗೆ ಗೊತ್ತಾಗದೆ ಇರುತ್ತದಾ? ಆವತ್ತು ನನ್ನನ್ನು ತಟ್ಟೆಗಳ ಹತ್ತಿರ ಬಿಡಲಿಲ್ಲ ಅವಳು. ನೋಡಿದರೆ ಅಳುತ್ತೀಯ ಅಂತ ಒಳಗೆ ಕಳಿಸಿದಳು. ಅಪ್ಪನಿಗೆ "ಅವ್ಳ ಕೈಗೆ ಬಂದಿಲ್ದಿದ್ರೆ" ಅಂದಳಲ್ಲ, ಅದಕ್ಕೆ ಮುಂಚೆ ನನ್ನ ಕೈ ಅಂತ ಯಾರೂ ಅಂದಿರಲಿಲ್ಲ ಅಣ್ಣ. ಅಪ್ಪ ಯಾರು ಅಂತ ಕೇಳಿದ್ದರು ಅಷ್ಟೇ. ಆ ಮಾತನ್ನು ಮೊದಲು ಆಡಿದವಳು ಅವ್ವ. ಇಷ್ಟು ವರ್ಷ ಅದನ್ನು ನನ್ನನ್ನು ಕಾಪಾಡಿದ ಮಾತು ಅಂತ ಎದೆಯಲ್ಲಿ ಇಟ್ಟುಕೊಂಡಿದ್ದೆ.

ಇದು ನಿಜವಾ? ಸುಳ್ಳಾದರೆ ಸುಳ್ಳು ಅಂತ ಒಂದು ಸಾಲು ಬರಿ, ನಂಬುತ್ತೇನೆ. ನಿಜವಾದರೆ ಹುಳ ಇಳಿಸುವ ಶುಕ್ರವಾರ ಬಾ. ಊರವರು ನಾಲ್ಕು ಜನ ಬಂದಿರುತ್ತಾರೆ. ಲತಾಳ ಕೈಯಿಂದ ಅಲ್ಲ, ನಾನು ತಂದ ಸೊಪ್ಪಿನಿಂದ ಅಂತ ಅವರ ಮುಂದೆ ಒಂದು ಮಾತು ಹೇಳು. ಬೇರೆ ಏನೂ ಬೇಡ. ಮೊದಲ ಸೊಪ್ಪನ್ನು ಕವನಳೇ ಹಾಕಲಿ. ಆವತ್ತು ನಾನು ನನ್ನ ಮನೆಯಲ್ಲಿ ಇರಬೇಕು, ಅಷ್ಟೇ.

ಲತಾಮಣಿ


ವಿರೂಪಾಕ್ಷಿಪುರ
31 ಜುಲೈ 2024

ಅಣ್ಣನಿಗೆ,

ಹದಿನಾರರ ಕಾಗದ ತಲುಪಿತಾ? ಪೋಸ್ಟಿನವನನ್ನು ಕೇಳಿದೆ, "ನಾನೇನು ಗಾಳಿಪಟ ಮಾಡಿ ಹಾರಿಸ್ಬುಟ್ನಾ ಲತಮ್ಮ" ಅಂತ ನಕ್ಕ. ನಿನಗೆ ಏನಾದರೂ ಆಗಿದೆಯೋ ಅಂತ ಹೆದರಿಕೆಯಾಯಿತು. ಕೋಪದಲ್ಲಿ ಬರೆದ ಕಾಗದ ಓದಿ ಬಿಪಿ ಏರಿ ಬಿದ್ದಿದ್ದರೆ ಅಂತ. ಕಡೆಗೆ ಮಧು ಕೈಯಲ್ಲಿ ನಿನ್ನ ಫೋನಿಗೆ ಅವ್ವನ ಫೋಟೋ ಕಳಿಸಿದೆ. ನೋಡಿದ್ದಾರೆ ಅಂತೆ, ನೀಲಿ ಗೆರೆ ಬಂತಂತೆ. ಅಂದರೆ ಚೆನ್ನಾಗಿದ್ದೀಯ.

ಚೆನ್ನಾಗಿದ್ದೂ ಬರೆಯಲಿಲ್ಲ.

ಮಾತ್ರೆ ತಪ್ಪಿಸಬೇಡ. ಶುಕ್ರವಾರ ಅಂದರೆ ಆಗಸ್ಟ್ ಹದಿನಾರು.

ಲತಾಮಣಿ


ಕನಕಪುರ
7 ಆಗಸ್ಟ್ 2024

ಲತಾಮಣಿಗೆ,

ಎರಡೂ ಕಾಗದ ಬಂದಿವೆ. ಕೆಲಸವಿತ್ತು.

ನಜೀರನಿಗೆ ಅರಳುಮರಳು. ಹಳೆಯದನ್ನೆಲ್ಲ ಒಂದರ ಜೊತೆ ಒಂದು ಕಲಸಿ ಹೇಳುತ್ತಾನೆ. ನಾನು ಸಿನಿಮಾಕ್ಕೆ ಹೋಗಿರಲಿಲ್ಲ. ಗಾಡಿ ಸಿಗದೆ ಹೊತ್ತಾಯಿತು. ಅವನ ಜಟಕಾ ಸಿಕ್ಕಿದ್ದೇ ಸಂಜೆ. ಇದನ್ನು ಅವನು ಹೇಳಿದನಾ?

ಅಪ್ಪನ ಕೈ ನಿನಗೆ ಗೊತ್ತು. ನನ್ನನ್ನು ಬಿಡುತ್ತಿದ್ದರಾ? ನಾನು ಅವ್ವನಿಗೆ ಹೀಗೆ ಹೇಳು ಅಂತ ಕೇಳಿಕೊಂಡಿರಲಿಲ್ಲ. ಆ ಹೊತ್ತಿಗೆ ಅವಳ ಬಾಯಿಗೆ ಬಂದದ್ದು ಹೇಳಿದಳು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ನೀನು ಹೆಣ್ಣು, ಮನೆಯಲ್ಲಿದ್ದೆ, ಮನೆಯಲ್ಲೇ ಉಳಿದೆ. ಅತ್ತೆಯ ಕಾಟ ಇಲ್ಲ, ಗಂಡನ ಕುಡಿತ ಇಲ್ಲ. ಹೊಟ್ಟೆಗೆ ಬಟ್ಟೆಗೆ ಅವ್ವ ಏನು ಕಡಿಮೆ ಮಾಡಿದಳು? ಹೂವಿನ ಹಾಗೆ ನೋಡಿಕೊಂಡಳು. ನೀನೇ ಬರೆದಿದ್ದೀಯ. ನಿನಗೆ ಹೋಗಿದ್ದಾದರೂ ಏನು?

ಸತ್ತವಳ ಮೇಲೆ ಊರ ಮುಂದೆ ಕೆಸರು ಹಾಕುವುದು ನನ್ನಿಂದಾಗದು. ಶುಕ್ರವಾರ ನಾನು ಬರುವುದಿಲ್ಲ. ನೀನು ದೊಡ್ಡಮಳೂರಿಗೆ ಹೋಗಿ ಬಾ, ಮನಸ್ಸು ಹಗುರಾಗುತ್ತದೆ.

ಕೆಂಪರಾಜು


ವಿರೂಪಾಕ್ಷಿಪುರ
20 ಆಗಸ್ಟ್ 2024

ಅಣ್ಣ,

ಸಿನಿಮಾ ಅಲ್ಲ, ಗಾಡಿ ಸಿಗಲಿಲ್ಲ ಅಂತ ಬರೆದಿದ್ದೀಯ. ಸಿನಿಮಾಕ್ಕೆ ಇಲ್ಲ ಅಂದೆ. ಸೊಪ್ಪಿಗೆ ಇಲ್ಲ ಅನ್ನಲಿಲ್ಲ. ನಾನು ಏಳನೇ ಕ್ಲಾಸು, ಆದರೂ ಅಷ್ಟು ಓದಲು ಬರುತ್ತದೆ.

ಶುಕ್ರವಾರ ನಾನು ದೊಡ್ಡಮಳೂರಿಗೆ ಹೋಗಲಿಲ್ಲ. ಮಧು ಬೆಳಿಗ್ಗೆ ಬೈಕ್ ತೆಗೆದು "ಅತ್ತೆ, ಬಸ್ ಸ್ಟಾಪಿಗೆ ಬುಡ್ತೀನಿ ಬಾ" ಅಂದ. ನಾನು ಹುಳದ ಮನೆ ಬಾಗಿಲಲ್ಲಿ ನಿಂತೆ. ಒಳಗೆ ಕವನ, ಪಕ್ಕದ ಮನೆಯ ಹೆಂಗಸರು ಇಬ್ಬರು. ನೀನು ಬರಲಿಲ್ಲವಲ್ಲ, ನಾನೇ ಹೇಳಿಬಿಡೋಣ ಅಂತ ಇಡೀ ವಾರ ಮಾತು ಜೋಡಿಸಿಕೊಂಡಿದ್ದೆ. ಹೇಗೋ ಹೇಳಿದೆ. ಆ ವರ್ಷ ಹುಳ ಸತ್ತದ್ದು ನನ್ನ ಕೈಯಿಂದ ಅಲ್ಲ, ಔಷಧಿ ಹೊಡೆದ ಸೊಪ್ಪಿನಿಂದ ಅಂತ.

ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕದ ಮನೆಯ ಸೊಸೆ "ಯಾವ್ ವರ್ಸ ದೊಡ್ಡವ್ವ?" ಅಂದಳು. ಅವಳ ಅತ್ತೆಗೂ ನೆನಪಿರಲಿಲ್ಲ. "ಹುಳ ಸಾಯೋದು ಹೊಸ್ದಾ ಲತ, ಎಲ್ಲಾರ್ ಮನೇಲೂ ಸತ್ತವೆ, ಯಾರು ಬರ್ದು ಮಡಿಕತ್ತಾರೆ" ಅಂದಳು. ಮಧು ನಕ್ಕ. "ಅಯ್ಯೋ ಅತ್ತೆ, ಈಗ ಮರಿ ಸಾಕೋ ಚಾಕಿ ಸೆಂಟರಿಂದ ಎರಡ್ ಸಲ ಪೊರೆ ಬುಟ್ಟ ಹುಳ ಬತ್ತವೆ. ಮೊದಲ್ನೇ ಸೊಪ್ಪು ಅಲ್ಲಿ ಯಾರೋ ಸಂಬಳದೋನು ಹಾಕಿರ್ತಾನೆ. ನಾವಿಲ್ಲಿ ಹಾಕೋದು ಸುಮ್ನೆ ಶಾಸ್ತ್ರಕ್ಕೆ."

ನಾನು ಕೇಳಿದೆ, ಹಾಗಾದರೆ ಪ್ರತಿ ಸಲ ನನ್ನನ್ನು ದೇವಸ್ಥಾನಕ್ಕೆ ಯಾಕೆ ಕಳಿಸುತ್ತಿದ್ದಿರಿ ಅಂತ. ಕವನ ಅಂದಳು, "ನಿಮ್ಗೆ ಹುಳ ಕಂಡ್ರೆ ಹೇಸ್ಗೆ ಅಂತ ಅಜ್ಜಿ ಹೇಳಿದ್ರು ಅತ್ತೆ. ಹುಳ ಇಳ್ಸೋ ದಿನ ಅವಳ್ನ ಹತ್ರ ಸೇರಿಸ್ಬ್ಯಾಡಿ, ವಾಂತಿ ಮಾಡ್ಕತಾಳೆ ಅಂತ."

ನನಗೆ ಹುಳ ಕಂಡರೆ ಹೇಸಿಗೆಯಂತೆ. ಹುಳ ಮೇಯುವ ಸದ್ದು ಕೇಳಿಕೊಂಡು ನಿದ್ದೆ ಹೋದವಳು ನಾನು. ಗೋಡೆಯ ಈ ಕಡೆ ಮಲಗಿ, ಆ ಸದ್ದು ಸಣ್ಣ ಮಳೆಯ ಹಾಗೆ ಬರುವುದನ್ನು ಕೇಳಿ, ಹುಳ ಈಗ ಯಾವ ಹಂತದಲ್ಲಿವೆ ಅಂತ ಹೇಳುತ್ತಿದ್ದೆ. ಊರು ಮರೆತುಬಿಟ್ಟಿತ್ತು ಅಣ್ಣ. ಅಪ್ಪ ಹೋದ ಮೇಲೆ ಹೆದರಲು ನಿನಗೂ ಯಾರೂ ಇರಲಿಲ್ಲ. ಆಗಲಾದರೂ ಅವ್ವ ಬಾ ಮಗ ಅನ್ನಬಹುದಿತ್ತು. ಅನ್ನಲಿಲ್ಲ. ಊರಿಗೆ ಒಂದು ಸುಳ್ಳು ಹೇಳಿದಳು, ಅದು ಹಳಸಿದ ಮೇಲೆ ಮಕ್ಕಳಿಗೆ ಇನ್ನೊಂದು ಹೇಳಿದಳು. ನನಗೆ ಮಾತ್ರ ಮೊದಲಿನದನ್ನೇ ಉಳಿಸಿದಳು. ನನ್ನ ಕೈಯಿಂದ ಧೈರ್ಯವಾಗಿ ಉಂಡಳಲ್ಲ, ಈಗ ತಿಳಿಯಿತು. ಅದರಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದವಳು ಹೆದರುವುದಾದರೂ ಯಾಕೆ?

ಕವನ ಒಳ್ಳೆಯ ಹುಡುಗಿ. ಸೊಪ್ಪಿನ ಮಂಕರಿ ನನ್ನ ಮುಂದೆ ಇಟ್ಟು "ನೀವೇ ಹಾಕಿ ಅತ್ತೆ, ನಮ್ಗೇನ್ ಬ್ಯಾರೆ" ಅಂದಳು. ಎಲ್ಲರೂ ದಾರಿ ಬಿಟ್ಟರು. ಕೂತೆ. ಸೊಪ್ಪು ಹಿಡಿಯಲ್ಲಿ ತೆಗೆದುಕೊಂಡೆ. ತಟ್ಟೆಯ ಮೇಲೆ ಚಾಚಿದೆ. ಕೈ ಬಿಚ್ಚಲಿಲ್ಲ. ನನ್ನ ಕೈಯಲ್ಲಿ ಯಾವ ದೋಷವೂ ಇಲ್ಲ ಅಂತ ಗೊತ್ತು, ಅಷ್ಟು ಜನರ ಮುಂದೆ ನಾನೇ ಹೇಳಿದ್ದೇನೆ, ಆದರೂ ಬೆರಳು ಬಿಡಿಸಲು ಆಗಲಿಲ್ಲ. ಹುಳ ತಲೆ ಎತ್ತಿ ಕಾಯುತ್ತಿದ್ದವು. ಇವುಗಳಿಗೆ ಏನಾದರೂ ಆದರೆ, ಇವುಗಳಿಗೆ ಏನಾದರೂ ಆದರೆ ಅಂತ ಅದೊಂದೇ. ಕಡೆಗೆ ಕವನ ನನ್ನ ಮುಷ್ಟಿಯಿಂದ ಒಂದೊಂದೇ ಎಲೆ ಬಿಡಿಸಿಕೊಂಡು ತಾನೇ ಹಾಕಿದಳು.

ನಿನಗೆ ಹೋಗಿದ್ದಾದರೂ ಏನು ಅಂತ ಕೇಳಿದ್ದೀಯ. ಮಾಗಡಿಯ ಸಂಬಂಧ ಹೋದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆ ಮನುಷ್ಯ ಹೇಗಿದ್ದನೋ. ನನ್ನ ಕೈ ಹೋಯಿತು. ನೀವಿಬ್ಬರೂ ಸೇರಿ ತೆಗೆದುಕೊಂಡಿರಿ. ಈಗ ಹಿಂದಕ್ಕೆ ಕೊಟ್ಟರೂ ಅದು ನನಗೆ ಬರುತ್ತಿಲ್ಲ.

ಆದರೂ ನಿನ್ನ ಬಾಯಿಂದ ಒಂದು ಮಾತು ಬೇಕು. ಊರಿಗಲ್ಲ, ಊರಿಗೆ ಬೇಕಾಗಿಲ್ಲ ಅಂತ ನೋಡಿಬಿಟ್ಟೆ. ನನಗೆ ಬರಿ. ನಾನು ತಂದ ಸೊಪ್ಪು ಅಂತ ಬರಿ.

ಲತಾಮಣಿ


ಕನಕಪುರ
17 ಸೆಪ್ಟೆಂಬರ್ 2024

ಪ್ರೀತಿಯ ತಂಗಿ ಲತಾಗೆ,

ಗೂಡು ಚೆನ್ನಾಗಿ ಬಂತು, ಮಾರ್ಕೆಟ್ಟಿನಲ್ಲಿ ಎಲ್ಲರೂ ಕೈಯಲ್ಲಿ ಎತ್ತಿ ನೋಡಿದರು ಅಂತ ಮಧು ಮೆಸೇಜು ಹಾಕಿದ್ದ. ಸಂತೋಷ. ಅವ್ವನ ಆಶೀರ್ವಾದ.

ಅಕ್ಟೋಬರ್ ಎರಡಕ್ಕೆ ಹಿರಿಯರ ಹಬ್ಬ. ಅವ್ವನಿಗೆ ಮೊದಲ ಎಡೆ. ನಾವಿಬ್ಬರೂ ಬರುತ್ತೇವೆ. ಎಡೆಗೆ ಅಂತ ಒಂದು ರೇಷ್ಮೆ ಸೀರೆ ತಂದಿದ್ದೇನೆ, ಗಿಳಿಹಸಿರು, ಅತ್ತಿಗೆ ಆರಿಸಿದ್ದು. ಎಡೆ ಎತ್ತಿದ ಮೇಲೆ ಆ ಸೀರೆ ನೀನೇ ಉಡಬೇಕು, ಬೇರೆ ಯಾರೂ ಅಲ್ಲ. ಈ ಸಲ ಎಡೆಯನ್ನೂ ನಿನ್ನ ಕೈಯಿಂದಲೇ ಇಡು. ಯಾರಾದರೂ ಏನಾದರೂ ಅಂದರೆ ನಾನಿದ್ದೇನೆ, ನಾನು ಒಪ್ಪಿಗೆ ಕೊಟ್ಟಿದ್ದೇನೆ ಅಂತ ಹೇಳುತ್ತೇನೆ. ಹಳೆಯದು ಹಳೆಯದಾಯಿತು. ಇರುವವರು ನಾವಿಬ್ಬರೇ.

ಅವ್ವನಿಗೆ ಏನೇನು ಇಷ್ಟ ಅಂತ ಪಟ್ಟಿ ಮಾಡಿ ಬರಿ. ಅವಳು ಉಣ್ಣುವಾಗ ಎದುರಿಗೆ ಕೂತು ಎಷ್ಟೋ ಕಾಲವಾಯಿತು, ನನಗೆ ಯಾವುದೂ ನೆನಪಿಗೆ ಬರುತ್ತಿಲ್ಲ. ಇಲ್ಲಿ ಸಿಗುವುದನ್ನು ನಾನೇ ತರುತ್ತೇನೆ. ಮೊದಲ ಎಡೆ ತಪ್ಪಬಾರದು.

ನಿನ್ನ ಅಣ್ಣ
ಕೆಂಪರಾಜು


ವಿರೂಪಾಕ್ಷಿಪುರ
25 ಸೆಪ್ಟೆಂಬರ್ 2024

ಅಣ್ಣ,

ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಓದಿದೆ. ಮಡಿಚಿದ ಕಡೆ ಅಕ್ಷರ ಏನಾದರೂ ಮುಚ್ಚಿಹೋಗಿದೆಯೋ ಅಂತ ಬಿಸಿಲಿಗೆ ಹಿಡಿದೂ ನೋಡಿದೆ. ನಾನು ಕೇಳಿದ ಮಾತು ಇರಲಿಲ್ಲ. ಸೀರೆ ಇತ್ತು. ಒಪ್ಪಿಗೆ ಇತ್ತು. ನಾನು ಮಾಡದ ತಪ್ಪನ್ನು ಮನ್ನಿಸಿದ ಹಾಗೆ ನೀನು ಒಪ್ಪಿಗೆ ಕೊಡುತ್ತೀಯ.

ಅವ್ವ ನನಗೆ ಬೇಡವಾದಳು ಅಂದುಕೊಳ್ಳಬೇಡ. ಇವತ್ತೂ ಎದ್ದ ತಕ್ಷಣ ಅವಳ ಮಂಚದ ಕಡೆಗೇ ನೋಡುತ್ತೇನೆ. ಗಾಳಿ ಬೀಸಿದರೆ ಅವಳಿಗೆ ಹೊದಿಸಬೇಕಿತ್ತಲ್ಲ ಅಂತ ಏಳಲು ಹೋಗುತ್ತೇನೆ. ಆಮೇಲೆ ನೆನಪಾಗುತ್ತದೆ, ಮೊದಲು ಅವಳು ಇಲ್ಲ ಅನ್ನುವುದು, ಆಮೇಲೆ ಅವಳು ಮಾಡಿದ್ದು. ಬದುಕಿದ್ದರೆ ಕೇಳುತ್ತಿದ್ದೆ, ಜಗಳವಾಡುತ್ತಿದ್ದೆ, ಅವಳೂ ಏನೋ ಒಂದು ಹೇಳುತ್ತಿದ್ದಳು. ನಿಜವನ್ನು ಬೇರೆಯವರ ಹೊಟ್ಟೆಯಲ್ಲಿ ಹುಗಿಸಿ ಹೋಗಿಬಿಟ್ಟಳು. ಉಳಿದವನು ನೀನು. ನಿನ್ನನ್ನು ಕೇಳಿದರೆ ನೀನೂ ಹುಗಿಯುತ್ತಿದ್ದೀಯ.

ಹಿರಿಯರ ಹಬ್ಬಕ್ಕೆ ಬಾ. ಹಬ್ಬದ ಹಿಂದಿನ ದಿನ ಬಸ್ಸು ತುಂಬಿ ಜೋತಾಡುತ್ತಿರುತ್ತದೆ, ಮೊದಲ ಬಸ್ಸಿಗೇ ಹತ್ತು. ಬಾಗಿಲ ಹತ್ತಿರ ನಿಲ್ಲಬೇಡ. ಅತ್ತಿಗೆಗೆ ಕಿಟಕಿ ಸೀಟು ಹಿಡಿ.

ಎಡೆ ನಾನು ಇಡುವುದಿಲ್ಲ. ಸೀರೆ ನಾನು ಉಡುವುದಿಲ್ಲ. ನೀವು ಎಡೆ ಇಟ್ಟು ಬಾಗಿಲು ಮುಚ್ಚುವಾಗ ನಾನು ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ. ಊರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನೋಡಿದವರು ನೋಡಲಿ, ಯಾಕೆ ಅಂತ ಕೇಳಿದರೆ ನಿನ್ನನ್ನು ಕೇಳಲು ಹೇಳುತ್ತೇನೆ.

ಅವ್ವನಿಗೆ ಏನೇನು ಇಷ್ಟ ಅಂತ ಕೇಳಿದ್ದೀಯ. ಅದು ಗೊತ್ತಿರುವುದು ಈಗ ನನಗೊಬ್ಬಳಿಗೇ. ಹೇಳುವುದಿಲ್ಲ. ನಿನಗೆ ತೋಚಿದ್ದನ್ನು ತಂದಿಡು. ತಪ್ಪಾಗುತ್ತದೆ ಅಂತ ಹೆದರಬೇಡ ಅಣ್ಣ. ನಿನ್ನ ತಪ್ಪನ್ನು ಅವ್ವ ಯಾರಿಗೂ ಹೇಳುವವಳಲ್ಲ.

ಲತಾಮಣಿ